ಕಾಗದದ ಶಿರಸ್ತ್ರಾಣ

ಮಕ್ಕಳಿಗೆ ವೇಷವೆಂದರೆ ಎಲ್ಲಿಲ್ಲದ ಉತ್ಸಾಹ. ತಲೆಯ ಮೇಲೊಂದು ಕಿರೀಟ ಏರಿತೆಂದರೆ ನಾಚುವ ಬಾಲಕನೂ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಾನೆ. ಬಾಯಿ ಬಿಡದವನೂ ಮಾತನಾಡುತ್ತಾನೆ. ಕೊಹೀರ್, ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕನ್ನಡ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಸೀಮೆ ಬೀದರ, ಗುಲ್ಬರ್ಗಾಗಳಿಂದ ಬೇರೆಯಾಯಿತು. ನಮ್ಮ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ತೆಲುಗನ್ನೋ ಇಂಗ್ಲಿಷನ್ನೋ ಓದುತ್ತಾರೆ. ಕನ್ನಡವು ಅಡುಗೆಮನೆಯ ಮಾತಾಗಿ ಉಳಿಯುತ್ತದೆ. ಅದನ್ನು ಹತ್ತು ಜನರೆದುರು ಗಟ್ಟಿಯಾಗಿ, ಸ್ಪಷ್ಟವಾಗಿ ಆಡುವ ಅವಕಾಶವನ್ನು ನಾಟಕವು ಒದಗಿಸುತ್ತದೆ. ಆದುದರಿಂದ ಅಂಗಡಿಯಿಂದ ಪ್ಲಾಸ್ಟಿಕ್ ವೇಷವನ್ನು ತರುವ ಬದಲು, ಪ್ರಾಚೀನ ಗ್ರೀಕ್ ಯೋಧನ ಶಿರಸ್ತ್ರಾಣವನ್ನು ಮನೆಯಲ್ಲಿಯೇ ತಯಾರಿಸುವ ಬಗೆಯನ್ನು ಇಲ್ಲಿ ವಿವರಿಸಿದೆ.

ಗ್ರೀಕರು ಹೊರಗಿನವರಲ್ಲ

ಗ್ರೀಕ್ ವೀರರನ್ನು ಕನ್ನಡ ರಂಗಭೂಮಿಯ ಸಮೀಪಕ್ಕೆ ತಂದವರು ಬಿ.ಎಂ. ಶ್ರೀಕಂಠಯ್ಯನವರು. ಸೊಫೊಕ್ಲಿಸನ ‘ಏಜಾಕ್ಸ್’ ನಾಟಕದ ಮಾದರಿಯಲ್ಲಿ ಅವರು ರಚಿಸಿದ ‘ಅಶ್ವತ್ಥಾಮನ್’ 1929ರಲ್ಲಿ ಪ್ರಕಟವಾಯಿತು. ಈಸ್ಕಿಲಸನ ನಾಟಕವೊಂದು ‘ಪಾರಸಿಕರು’ ಎಂಬ ಹೆಸರಿನಲ್ಲಿ 1935ರಲ್ಲಿ ಕನ್ನಡಕ್ಕೆ ಬಂದಿತು. ಗ್ರೀಕ್ ವೀರನ ಅಭಿಮಾನ, ಅವಮಾನಗಳು ಮಹಾಭಾರತದ ವೀರನಿಗೂ ಒಪ್ಪುತ್ತವೆ ಎಂಬುದನ್ನು ಆಚಾರ್ಯರು ತೋರಿಸಿಕೊಟ್ಟರು. ನಾವು ಮಾಡುವ ಶಿರಸ್ತ್ರಾಣವೂ ಏಜಾಕ್ಸನಿಗೂ ಅಶ್ವತ್ಥಾಮನಿಗೂ ಒದಗುವಂತಿರಲಿ.

ಕಂಚಿನ ಮೂಲ

ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಕೊರಿಂಥ್ ಮಾದರಿಯ ಶಿರಸ್ತ್ರಾಣ. ಕ್ರಿ.ಪೂ. 7 ಮತ್ತು 6ನೆಯ ಶತಮಾನಗಳಲ್ಲಿ ಇದು ಬಹಳ ಬಳಕೆಯಲ್ಲಿತ್ತು. ಕುಶಲ ಕಂಚುಗಾರನು ಒಂದೇ ಕಂಚಿನ ತಗಡನ್ನು ಬಡಿದು ಇಡೀ ತಲೆಯನ್ನು ಮುಚ್ಚುವಂತೆ ರೂಪಿಸುತ್ತಿದ್ದನು. ಕಣ್ಣಿಗೆ ಎರಡು ಸೀಳು, ಮೂಗಿಗೊಂದು ಪಟ್ಟಿ, ಬಾಯಿಯ ಮುಂದೆ ಸಣ್ಣ ತೆರಪು, ಇಷ್ಟೇ. ಮುಖವೇನೋ ರಕ್ಷಿತವಾಯಿತು, ಆದರೆ ಕಿವಿ ಮುಚ್ಚಿಹೋಯಿತು. ಯುದ್ಧದ ಗದ್ದಲದಲ್ಲಿ ಆಜ್ಞೆ ಕೇಳಿಸುವುದು ಕಷ್ಟವಾಯಿತು. ಮುಂದೆ ಬಂದ ಮಾದರಿಗಳಲ್ಲಿ ಕಿವಿಯ ಬಳಿ ತೆರಪು ಬಿಡಲಾಯಿತು. ನಮ್ಮ ಬಾಲನಟನೂ ಪಕ್ಕದಿಂದ ಎತ್ತಿಕೊಡುವ ಮಾತನ್ನು ಕೇಳಿಸಿಕೊಳ್ಳಬೇಕಷ್ಟೆ. ಆದ ಕಾರಣ ಕಿವಿ ತೆರೆದ ಮಾದರಿಯನ್ನೇ ಆರಿಸಿಕೊಳ್ಳತಕ್ಕದ್ದು.

ಹೋಮರನ ‘ಇಲಿಯಡ್’ ಕಾವ್ಯದಲ್ಲಿ ಶಿರಸ್ತ್ರಾಣದ ಪ್ರಸಂಗವೊಂದಿದೆ. ಯುದ್ಧಕ್ಕೆ ಹೊರಟ ಟ್ರಾಯ್ ನಗರದ ವೀರ ಹೆಕ್ಟರನು ಮಗನನ್ನು ಎತ್ತಿಕೊಳ್ಳಲು ಕೈ ನೀಡುತ್ತಾನೆ. ತಂದೆಯ ತಲೆಯ ಮೇಲೆ ಅಲುಗುವ ಕುದುರೆಗೂದಲಿನ ಜುಟ್ಟನ್ನು ಕಂಡು ಕೂಸು ಬೆದರಿ ಅಳುತ್ತದೆ. ತಂದೆತಾಯಿಗಳು ನಗುತ್ತಾರೆ, ವೀರನು ಶಿರಸ್ತ್ರಾಣವನ್ನು ನೆಲಕ್ಕಿಟ್ಟು ಮಗನನ್ನು ಮುದ್ದಿಸುತ್ತಾನೆ. ಕೆಲಸ ಮಾಡುತ್ತಲೇ ಮಕ್ಕಳಿಗೆ ಈ ಕಥೆಯನ್ನು ಕನ್ನಡದಲ್ಲಿ ಹೇಳಿರಿ.

ತಯಾರಿಸುವ ಕ್ರಮ

ಮಗುವಿನ ತಲೆಗಿಂತ ತುಸು ದೊಡ್ಡದಾದ ಮಣ್ಣಿನ ಗಡಿಗೆಯೊಂದನ್ನು ಬೋರಲು ಹಾಕಿರಿ. ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕುದಿಸಿದರೆ ಅಂಟು ಸಿದ್ಧ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೊಂಬೆಗಳಿಗೆ ಬಳಸುವ ಹುಣಸೆ ಬೀಜದ ಅಂಟು ಇನ್ನೂ ಗಟ್ಟಿ.

ಮೊದಲನೆಯ ಪದರಕ್ಕೆ ಅಂಟು ಹಚ್ಚಬಾರದು. ಬರಿಯ ನೀರಿನಲ್ಲಿ ನೆನೆದ ಕಾಗದವನ್ನು ಹೊದಿಸಿರಿ. ಬಳಿಕ ಎರಡು ಬೆರಳಗಲದ ಕಾಗದದ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ ಹಚ್ಚುತ್ತ ಹೋಗಬೇಕು. ಇಲ್ಲಿ ಗಡಿನಾಡಿನವರಿಗೆ ಒಂದು ಸೌಕರ್ಯವುಂಟು. ಒಂದು ಪದರಕ್ಕೆ ಕನ್ನಡ ಪತ್ರಿಕೆ, ಮುಂದಿನ ಪದರಕ್ಕೆ ತೆಲುಗು ಪತ್ರಿಕೆ ಬಳಸಿರಿ. ಲಿಪಿ ಬದಲಾಗುವುದರಿಂದ ಎಲ್ಲಿ ಪದರ ತುಂಬಿದೆ, ಎಲ್ಲಿ ಉಳಿದಿದೆ ಎಂಬುದು ಕೂಡಲೇ ತಿಳಿಯುತ್ತದೆ. ಹೀಗೆ 6 ಅಥವಾ 7 ಪದರಗಳಾಗಲಿ. ಎರಡೆರಡು ಪದರಕ್ಕೊಮ್ಮೆ ನೆರಳಿನಲ್ಲಿ ಒಣಗಿಸಿರಿ. ಗಡಿಗೆಯ ಅಗಲವಾದ ನಡುಭಾಗವನ್ನು ದಾಟಿ ಅಂಟಿಸಬೇಡಿರಿ. ದಾಟಿದರೆ ಗಡಿಗೆಯನ್ನು ಒಡೆಯದೆ ಬಿಡಿಸಲಾಗದು.

ಒಣಗಿದ ಚಿಪ್ಪಿನ ಅಂಚನ್ನು ಕತ್ತರಿಸಿ, ದಪ್ಪ ರಟ್ಟಿನ ಮೂಗುಪಟ್ಟಿ, ಕೆನ್ನೆಪಟ್ಟಿ, ಕತ್ತಿನ ಪಟ್ಟಿಗಳನ್ನು ಜೋಡಿಸಿರಿ. ಜುಟ್ಟಿಗೆ ಕಮಾನಿನಂತಹ ರಟ್ಟಿನ ಅಂಚಿಗೆ ಪುಂಡಿ ನಾರನ್ನು ಒತ್ತಾಗಿ ಹೊಲಿಯಿರಿ. ಈ ಭಾಗಗಳನ್ನು ಅಂಟಿಸದೆ, ತೂತು ಮಾಡಿ ದಾರದಿಂದ ಕಟ್ಟಿದರೆ ಮತ್ತೆ ಬಿಚ್ಚಬಹುದು. ಅವುಗಳ ಬದಲಿಗೆ ಚಿನ್ನದ ಕಾಗದದ ಕಳಶವನ್ನೂ ಹಣೆಪಟ್ಟಿಯನ್ನೂ ಕಟ್ಟಿದರೆ ಅದೇ ಚಿಪ್ಪು ಅಶ್ವತ್ಥಾಮನ ಕಿರೀಟವಾಗುತ್ತದೆ.

ಬಣ್ಣ

ವಸ್ತುಸಂಗ್ರಹಾಲಯದಲ್ಲಿರುವ ಶಿರಸ್ತ್ರಾಣಗಳು ಹಸಿರಾಗಿರುವುದು ಕಾಲಾಂತರದ ಕಿಲುಬಿನಿಂದ. ತಾಮ್ರಕ್ಕೆ ತವರ ಬೆರೆತ ಹೊಸ ಕಂಚು ಹೊಂಬಣ್ಣದಿಂದ ಹೊಳೆಯುತ್ತದೆ. ನಮ್ಮ ಕೊಹೀರಿನ ಕೆಂಪು ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಅಂಟಿನಲ್ಲಿ ಕಲಸಿ ಮೊದಲು ಬಳಿಯಿರಿ. ಅದು ಒಣಗಿದ ಮೇಲೆ ಹೊಂಬಣ್ಣವನ್ನು ತೆಳುವಾಗಿ ಹಚ್ಚಿದರೆ ಒಳಗಿನ ಕೆಂಪು ಇಣುಕಿ ಲೋಹದ ಕಾಂತಿ ಬರುತ್ತದೆ.

ಕೊನೆಯ ಪರೀಕ್ಷೆ

ಒಳಗೆ ಹಳೆಯ ಹತ್ತಿಬಟ್ಟೆಯನ್ನು ಅಂಟಿಸಿರಿ. ಗದ್ದದ ಪಟ್ಟಿ ಎಳೆದೊಡನೆ ಬಿಚ್ಚುವಂತಿರಲಿ. ಕಾಗದವೂ ನಾರೂ ಬೇಗ ಹೊತ್ತಿಕೊಳ್ಳುವುದರಿಂದ ದೀಪ, ಊದುಬತ್ತಿಗಳ ಬಳಿ ಮಗುವನ್ನು ನಿಲ್ಲಿಸಬಾರದು. ಎಲ್ಲ ಮುಗಿದ ಮೇಲೆ ಶಿರಸ್ತ್ರಾಣವನ್ನು ತೊಡಿಸಿ, ಬೆನ್ನ ಹಿಂದೆ ನಿಂತು, ನಾಟಕದ ಒಂದು ಮಾತನ್ನು ಮೆಲ್ಲನೆ ಕನ್ನಡದಲ್ಲಿ ಹೇಳಿರಿ. ಮಗು ಅದನ್ನು ಕೇಳಿ, ಮುಂದಿನ ಮಾತನ್ನು ಗಟ್ಟಿಯಾಗಿ ಹೇಳಿತೆಂದರೆ ನಿಮ್ಮ ಕೆಲಸ ಸಾರ್ಥಕವಾಯಿತೆಂದು ತಿಳಿಯಿರಿ.