ಪ್ಯಾಂಟ್ ತೊಟ್ಟ ಹೆಣ್ಣು, ಸಾಹುಕಾರರ ಉದ್ರಿ ಪುಸ್ತಕ

ದುಡ್ಡೇ ಓಡಾಡದ ಊರಲ್ಲಿ ಸಾಹುಕಾರ ದೊಡ್ಡವನಾಗೋದು ಹೇಗೆ? ಲೆಕ್ಕದ ಪುಸ್ತಕದಿಂದ!

ಐಸ್‌ಲ್ಯಾಂಡ್ ದೇಶದ ಓಸೆರಿ ಎಂಬ ಮೀನುಗಾರರ ಹಳ್ಳಿಯಲ್ಲಿ ಬೊಗೆಸೆನ್ ಸಾಹುಕಾರರದೇ ಅಂಗಡಿ. ಹಿಡಿದ ಮೀನೆಲ್ಲ ಅವರಿಗೇ ಹೋಗಬೇಕು, ಮನೆಗೆ ಬೇಕಾದ ಸಾಮಾನು ಅವರಲ್ಲಿಂದಲೇ ಬರಬೇಕು. ದುಡಿಮೆ ಜಮಾ, ಸಾಮಾನು ಖರ್ಚು. ಪೆನ್ನು ಮಾತ್ರ ಸಾಹುಕಾರರ ಕೈಲಿ. ಉದ್ರಿ ಕೊಟ್ಟು ಕೆಟ್ಟೆವು ಅನ್ನೋ ಅಂಗಡಿಯವರೇ, ಇದು ಉದ್ರಿ ಕೊಟ್ಟು ಬೆಳೆದವರ ಕಥೆ.

ಹಳ್ಳಿ ಕಲ್ಪನೆಯದು, ಪದ್ಧತಿ ಮಾತ್ರ ನಿಜದ್ದು. ಕೂಲಿಯನ್ನು ನಗದಾಗಿಯೇ ಕೊಡಬೇಕು, ಮೊದಲೇ ಒಪ್ಪಂದವಾಗದಿದ್ದರೆ ಸಾಲಕ್ಕೆ ಮುರಿದುಕೊಳ್ಳುವಂತಿಲ್ಲ ಎಂದು ಆ ದೇಶ 1930ರಲ್ಲೂ ಕಾನೂನು ಮಾಡಬೇಕಾಯಿತು. ಅದರ ಮರುವರ್ಷವೇ ಹಾಲ್ಡೋರ್ ಲ್ಯಾಕ್ಸ್‌ನೆಸ್ ಎಂಬ ಸಾಹಿತಿಯ 'ಸಾಲ್ಕಾ ವಾಲ್ಕಾ' ಕಾದಂಬರಿಯ ಮೊದಲ ಭಾಗ ಹೊರಬಂತು. ಎರಡನೆಯದು 1932ರಲ್ಲಿ.

ಚಳಿಗಾಲದ ರಾತ್ರಿ. ಹಡಗಿನಿಂದ ತಾಯಿ-ಮಗಳು ಇಳಿಯುತ್ತಾರೆ. ಮಗಳು ಸಾಲ್ಕಾಗೆ ಹನ್ನೊಂದು ವರ್ಷ. ಅಪ್ಪ ಯಾರೋ! ಹೊರಟಿದ್ದು ರಾಜಧಾನಿ ರೇಕ್ಯಾವಿಕ್‌ಗೆ, ಆದರೆ ದುಡ್ಡು ಇಲ್ಲಿಗೇ ಮುಗೀತು. ಟಿಕೆಟ್ಟಿಗೆ ಚಿಲ್ಲರೆ ಸಾಲದೆ ನಡುದಾರಿಯಲ್ಲಿ ಇಳಿದವರಿಗೆ ಈ ಸಂಕಟ ಗೊತ್ತು. ಅಮ್ಮ ಸಿಗುರ್‌ಲೀನಾ ಮೆದು ಹೆಂಗಸು. ದೇವರನ್ನೂ ನಂಬಿದಳು, ಸ್ಟೇನ್‌ಥೋರ್ ಎಂಬ ನಾವಿಕನನ್ನೂ ನಂಬಿದಳು. ಅವನೋ, ಮಗಳ ಮೇಲೂ ಕೈಹಾಕಲು ಬಂದ. ಕೊನೆಗೆ ತಾಯಿಯನ್ನೂ ಬಿಟ್ಟು ಓಡಿದ. ಅವಳು ಸಮುದ್ರದ ಪಾಲಾದಳು.

ಹುಡುಗಿ ಅಳುತ್ತಾ ಕೂರಲಿಲ್ಲ. ಕೊರೆಯುವ ಚಳೀಲಿ ಮೀನು ತೊಳೆದಳು. ಗಂಡಸರ ಹಾಗೆ ಪ್ಯಾಂಟ್ ತೊಟ್ಟಳು. ಊರು ನಕ್ಕರೆ ನಗಲಿ ಬಿಡಿ ಅಂದಳು. ಬೆಳೆದ ಮೇಲೆ ಸ್ವಂತ ಮನೆ, ದೋಣಿಯಲ್ಲಿ ಪಾಲು, ಮೀನುಗಾರರ ಸಂಘದಲ್ಲಿ ಮುಂದಾಳುತನ. ಯಾರ ಪುಸ್ತಕದಲ್ಲೂ ತಲೆ ಬಗ್ಗಿಸದ ಹೆಣ್ಣು ಅಂದರೆ ಇವಳೇ.

ಆಗ ಬಂದ ಆರ್ನಾಲ್ಡುರ್. ಚಿಕ್ಕಂದಿನಲ್ಲಿ ಇವಳಿಗೆ ಓದು ಕಲಿಸಿದವನು, ಈಗ ಕಮ್ಯುನಿಸ್ಟ್. ಮುಷ್ಕರ ಹೂಡಿಸಿದ. ಅವನದು ಜಗತ್ತನ್ನೇ ಬದಲಿಸುವ ಮಾತು, ಇವಳದು ಇವತ್ತಿನ ಮೀನಿನ ರೇಟು. ಇಬ್ಬರದೂ ದೊಡ್ಡ ಜಗಳ, ಅದರೊಳಗೇ ಪ್ರೀತಿ. ಕಾದಂಬರಿಯ ಜೀವ ಇರೋದೇ ಇಲ್ಲಿ. ಲ್ಯಾಕ್ಸ್‌ನೆಸ್ ಸ್ವತಃ ಎಡಪಂಥದವರು. ಆದರೂ ವಾದದಲ್ಲಿ ಸಾಲ್ಕಾ ಸೋಲುವಂತೆ ಬರೆಯಲಿಲ್ಲ.

ಮೊದಲು ಇದು ಹಾಲಿವುಡ್ಡಿಗೆಂದು ಬರೆದ ಸಿನಿಮಾ ಕಥೆ. ಹೆಸರೇ 'ಪ್ಯಾಂಟ್ ತೊಟ್ಟ ಹೆಣ್ಣು'. ಅಲ್ಲಿ ಅದು ಚಿತ್ರವಾಗಲಿಲ್ಲ. 1954ರಲ್ಲಿ ಸ್ವೀಡನ್ನಿನ ಆರ್ನೆ ಮಾಟ್ಸನ್ ತೆರೆಗೆ ತಂದರು. 1955ರಲ್ಲಿ ಲ್ಯಾಕ್ಸ್‌ನೆಸ್‌ಗೆ ನೊಬೆಲ್ ಬಂತು.

ಆರ್ನಾಲ್ಡುರ್ ಕಥೆ ಏನಾಯ್ತು ಅಂತೀರಾ? ಅವನ ಮನಸ್ಸು ಆ ಸಣ್ಣ ಊರಲ್ಲಿ ನಿಲ್ಲಲಿಲ್ಲ. ಸಾಲ್ಕಾಗೆ ಅದು ಅವನಿಗಿಂತ ಮೊದಲೇ ತಿಳಿಯಿತು. ಹಿಡಿದುಕೊಳ್ಳಲಿಲ್ಲ, ತಾನೇ ಅವನನ್ನು ಅಮೆರಿಕಕ್ಕೆ ಕಳಿಸಿಕೊಟ್ಟಳು. ಅವಳು ಓಸೆರಿಯಲ್ಲೇ ಉಳಿದಳು.