ವಿಮಾನ ನಿಲ್ದಾಣದ ವೇಗದ ಗೇಟು: ಅರ್ಜಿ ಹಾಕುವುದು ಹೇಗೆ, ಬಳಸುವುದು ಹೇಗೆ?

ನಮ್ಮ ಮನೆಯಲ್ಲಿ ಆನ್‌ಲೈನ್ ಅರ್ಜಿ ಯಾವುದೇ ಇರಲಿ, ತುಂಬುವುದು ನನ್ನ ಕೆಲಸ. ನಾನಿಯ ಪಿಂಚಣಿ, ತಮ್ಮನ ಸ್ಕಾಲರ್‌ಶಿಪ್, ರೇಷನ್ ಕಾರ್ಡಿನ ತಿದ್ದುಪಡಿ, ಎಲ್ಲವೂ. ಕಾಮರ್ಸ್ ಓದುವವಳಿಗೆ ಫಾರ್ಮ್ ತುಂಬಲು ಬಂದೇ ಬರುತ್ತದೆ ಎಂದು ಮನೆಯವರ ನಂಬಿಕೆ. ಕಳೆದ ವರ್ಷ ದಮ್ಮಾಮ್‌ನಿಂದ ರಜೆಗೆ ಬಂದಿದ್ದ ಮಾಮು ಹೊಸದೊಂದು ಕೆಲಸ ಕೊಟ್ಟರು. “ಬೆಂಗಳೂರು ಏರ್‌ಪೋರ್ಟಿನಲ್ಲಿ ನನ್ನ ಜೊತೆ ಇಳಿದವನೊಬ್ಬ ಸಾಲಿನಲ್ಲಿ ನಿಲ್ಲದೆ ಗಾಜಿನ ಗೇಟಿನಿಂದ ಹೊರಟೇಹೋದ. ನಾನು ಮುಕ್ಕಾಲು ಗಂಟೆ ನಿಂತೆ. ಅದೇನು ಅಂತ ನೋಡು ಬೇಟಾ,” ಎಂದರು.

ನೋಡಿದೆ. ಅರ್ಜಿಯನ್ನೂ ಹಾಕಿದೆ. ಮೊದಲ ಸಲ ಅದು ಆಗಲಿಲ್ಲ, ಎರಡನೇ ಸಲ ಆಯಿತು. ನಮ್ಮ ಕಾಲೇಜಿನಲ್ಲಿ ಅಬ್ಬಾನೋ ಅಣ್ಣನೋ ಚಾಚಾನೋ ಗಲ್ಫ್‌ನಲ್ಲಿರುವ ಮನೆಗಳು ಬಹಳ. ಅವರಿಗೆ ಉಪಯೋಗವಾಗಲಿ ಎಂದು ನನಗೆ ತಿಳಿದದ್ದನ್ನು, ಎಡವಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಏನಿದು ಯೋಜನೆ?

ವಿದೇಶಕ್ಕೆ ಹೋಗುವಾಗಲೂ ಅಲ್ಲಿಂದ ಬರುವಾಗಲೂ ಇಮಿಗ್ರೇಷನ್ ಕೌಂಟರ್ ದಾಟಬೇಕು. ಅಲ್ಲಿ ಕುಳಿತ ಅಧಿಕಾರಿ ಪಾಸ್‌ಪೋರ್ಟ್ ನೋಡುತ್ತಾರೆ, ಮುಖ ನೋಡುತ್ತಾರೆ, ಕಂಪ್ಯೂಟರಿನಲ್ಲಿ ಪರಿಶೀಲಿಸುತ್ತಾರೆ, ಮುದ್ರೆ ಒತ್ತುತ್ತಾರೆ. ರಾತ್ರಿ ಮೂರು ನಾಲ್ಕು ವಿಮಾನಗಳು ಒಟ್ಟಿಗೆ ಇಳಿದರೆ ಸಾಲು ಎಷ್ಟು ಉದ್ದವಾಗುತ್ತದೆ ಎಂದು ಹೋಗಿಬಂದವರಿಗೆ ಗೊತ್ತು.

ಪದೇಪದೇ ಪ್ರಯಾಣಿಸುವವರಿಗೆ ಈ ಸಾಲು ತಪ್ಪಿಸಲು ಕೇಂದ್ರ ಗೃಹ ಸಚಿವಾಲಯ ಶುರು ಮಾಡಿದ ಯೋಜನೆಯ ಹೆಸರು ‘ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ – ಟ್ರಸ್ಟೆಡ್ ಟ್ರಾವೆಲರ್ ಪ್ರೋಗ್ರಾಂ’. ಟ್ರಸ್ಟೆಡ್ ಟ್ರಾವೆಲರ್ ಎಂದರೆ ನಂಬಿಕಸ್ಥ ಪ್ರಯಾಣಿಕ. 2024ರ ಜೂನ್ 22ರಂದು ದೆಹಲಿ ವಿಮಾನ ನಿಲ್ದಾಣದ ಮೂರನೇ ಟರ್ಮಿನಲ್‌ನಲ್ಲಿ ಇದು ಆರಂಭವಾಯಿತು. 2025ರ ಜನವರಿ 16ರಂದು ಬೆಂಗಳೂರು, ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದ್, ಕೊಚ್ಚಿ ಮತ್ತು ಅಹಮದಾಬಾದಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲಖನೌ, ತಿರುವನಂತಪುರ, ತಿರುಚಿರಾಪಳ್ಳಿ, ಕೋಳಿಕ್ಕೋಡ್ ಮತ್ತು ಅಮೃತಸರ ಸೇರಿದವು. ಆ ಹದಿಮೂರರಲ್ಲಿ ಕರ್ನಾಟಕದ್ದು ಬೆಂಗಳೂರು ಒಂದೇ. ಮಂಗಳೂರಿನ ಹೆಸರು ಇರಲಿಲ್ಲ. ಒಟ್ಟು 21 ನಿಲ್ದಾಣಗಳಿಗೆ ವಿಸ್ತರಿಸುವ ಯೋಜನೆಯಿದೆ.

ಭಾರತೀಯ ನಾಗರಿಕರು ಮತ್ತು ಒಸಿಐ ಕಾರ್ಡ್ ಇರುವ ವಿದೇಶಿ ನಾಗರಿಕರು ಅರ್ಜಿ ಹಾಕಬಹುದು. ಆರಂಭದಲ್ಲೇ ಇದನ್ನು ಎಲ್ಲರಿಗೂ ಉಚಿತವೆಂದು ಘೋಷಿಸಿದ್ದರು. ಮಾಮುವಿನ ಅರ್ಜಿಗೆ ನಾವು ಒಂದು ರೂಪಾಯಿಯನ್ನೂ ಕಟ್ಟಲಿಲ್ಲ.

ಅಷ್ಟು ಬೇಗ ಹೇಗೆ ಬಿಡುತ್ತಾರೆ?

ನನಗೆ ಮೊದಲು ಬಂದ ಅನುಮಾನ ಇದೇ. ತಪಾಸಣೆ ಕಡಿಮೆ ಮಾಡಿ ಬಿಡುತ್ತಾರೆಯೇ? ಇಲ್ಲ. ತಪಾಸಣೆ ಮೊದಲೇ ಮುಗಿದಿರುತ್ತದೆ, ಅಷ್ಟೇ. ನಾವು ಅರ್ಜಿ ಹಾಕಿದ ಮೇಲೆ ಸಂಬಂಧಪಟ್ಟ ಸಂಸ್ಥೆಗಳು ನಮ್ಮ ವಿವರಗಳನ್ನು ಪರಿಶೀಲಿಸುತ್ತವೆ. ಬೆರಳಚ್ಚು ಮತ್ತು ಮುಖದ ಚಿತ್ರವನ್ನು ಪಡೆದು ಇಟ್ಟುಕೊಳ್ಳುತ್ತಾರೆ. ಗೇಟಿನ ಬಳಿ ಯಂತ್ರ ನೋಡುವುದು ‘ಅವತ್ತು ಒಪ್ಪಿದ ವ್ಯಕ್ತಿ ಇವರೇ ತಾನೆ?’ ಎಂಬುದನ್ನು ಮುಖ್ಯವಾಗಿ.

ಕಾಮರ್ಸ್‌ನವರಿಗೆ ಇದು ಹೊಸತಲ್ಲ. ಸರಕು ಆಮದು, ರಫ್ತು ಮಾಡುವ ಕಂಪನಿಗಳಿಗೆ ಕಸ್ಟಮ್ಸ್‌ನಲ್ಲಿ ‘ಆಥರೈಸ್ಡ್ ಎಕನಾಮಿಕ್ ಆಪರೇಟರ್’ ಎಂಬ ಪದ್ಧತಿ ಇದೆ. ಲೆಕ್ಕಪತ್ರ ಸರಿ ಇಟ್ಟುಕೊಂಡು, ಕಾನೂನು ಪಾಲಿಸಿ ಈ ಮಾನ್ಯತೆ ಪಡೆದ ಕಂಪನಿಯ ಸರಕನ್ನು ಬಂದರಿನಲ್ಲಿ ಬೇಗ ಬಿಡುತ್ತಾರೆ. ಎಲ್ಲರನ್ನೂ ಒಂದೇ ರೀತಿ ತಡೆದು ನೋಡುವ ಬದಲು, ಮೊದಲೇ ಪರಿಶೀಲಿಸಿದವರನ್ನು ಬಿಟ್ಟು ಉಳಿದವರ ಮೇಲೆ ಹೆಚ್ಚು ಗಮನ ಕೊಡುವುದು ಎರಡರಲ್ಲೂ ಇರುವ ಲೆಕ್ಕ.

ಅಂದರೆ ಸಾಲು ಇಲ್ಲವಾಗುವುದಿಲ್ಲ. ಅದು ವಿಮಾನ ನಿಲ್ದಾಣದಿಂದ ನಮ್ಮ ಮನೆಯ ಕಾಗದಪತ್ರದ ಪೆಟ್ಟಿಗೆಗೆ ಬರುತ್ತದೆ. ಕಾಗದ ಸರಿ ಇದ್ದವರಿಗೆ ಮಾತ್ರ ಗೇಟು ತೆರೆಯುತ್ತದೆ.

ಅರ್ಜಿ ಹಾಕುವ ಕ್ರಮ

1. ಮೊದಲು ಪಾಸ್‌ಪೋರ್ಟ್ ತೆಗೆದು ಅವಧಿ ನೋಡಿ. ಅರ್ಜಿ ಹಾಕುವ ದಿನಕ್ಕೆ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು.

2. ಗೃಹ ಸಚಿವಾಲಯದ ಈ ಯೋಜನೆಯ ಜಾಲತಾಣದಲ್ಲೇ ಅರ್ಜಿ ಹಾಕಬೇಕು. ವಿಳಾಸ ‘ಗವ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆಯೇ ಎಂದು ನೋಡಿಕೊಳ್ಳಿ. ಬೇರೆ ಹೆಸರಿನ ತಾಣದಲ್ಲಿ ಯಾರಾದರೂ ದುಡ್ಡು ಕೇಳಿದರೆ ಅಲ್ಲೇ ನಿಲ್ಲಿಸಿ.

3. ಮೊಬೈಲ್ ಸಂಖ್ಯೆ, ಇಮೇಲ್ ಕೊಟ್ಟು ನೋಂದಾಯಿಸಿ. ಮುಂದಿನ ಸೂಚನೆಗಳು ಅವುಗಳಿಗೇ ಬರುತ್ತವೆ. ಗಲ್ಫ್‌ಗೆ ಹೋದ ಮೇಲೆ ಬಂದ್ ಆಗುವ ಸಿಮ್ಮಿನ ಸಂಖ್ಯೆ ಕೊಡಬೇಡಿ.

4. ಫೋಟೋ, ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ವಿವರದ ಪುಟ, ವಿಳಾಸದ ದಾಖಲೆ ಇವುಗಳನ್ನು ಸ್ಕ್ಯಾನ್ ಮಾಡಿ ಹಾಕಬೇಕು. ಮೊಬೈಲಿನಲ್ಲಿ ಓರೆಯಾಗಿ ತೆಗೆದ, ಟ್ಯೂಬ್‌ಲೈಟಿನ ಬೆಳಕು ಬಿದ್ದು ಅಕ್ಷರ ಮಾಸಿದ ಫೋಟೋ ಬೇಡ.

5. ಪರಿಶೀಲನೆ ಮುಗಿದರೆ ಬಯೋಮೆಟ್ರಿಕ್ ಕೊಡಲು ಸಂದೇಶ ಬರುತ್ತದೆ. ಗೊತ್ತುಪಡಿಸಿದ ವಿಮಾನ ನಿಲ್ದಾಣಗಳಲ್ಲಿ ಅಥವಾ ಎಫ್‌ಆರ್‌ಆರ್‌ಒ ಎಂದು ಕರೆಯುವ ಪ್ರಾದೇಶಿಕ ನೋಂದಣಿ ಕಚೇರಿಯಲ್ಲಿ ಅದನ್ನು ಕೊಡಬಹುದು.

6. ಒಪ್ಪಿಗೆ ಸಿಕ್ಕರೆ ಅದು ಗರಿಷ್ಠ ಐದು ವರ್ಷ ನಡೆಯುತ್ತದೆ. ಪಾಸ್‌ಪೋರ್ಟಿನ ಅವಧಿ ಅದಕ್ಕಿಂತ ಮೊದಲೇ ಮುಗಿದರೆ ಇದೂ ಅಲ್ಲಿಗೇ ಮುಗಿಯುತ್ತದೆ.

ಸುಳ್ಳು ಮಾಹಿತಿ ಕೊಟ್ಟರೆ, ಹೇಳಬೇಕಾದದ್ದನ್ನು ಮುಚ್ಚಿಟ್ಟರೆ ಅರ್ಜಿ ತಿರಸ್ಕಾರವಾಗುತ್ತದೆ. ತಾಂತ್ರಿಕ ಕಾರಣದಿಂದ ಬಯೋಮೆಟ್ರಿಕ್ ಪಡೆಯಲು ಆಗದಿದ್ದರೂ ತಿರಸ್ಕರಿಸುವ ಹಕ್ಕು ಇಲಾಖೆಗೆ ಇದೆ.

ನಾವು ಎಡವಿದ್ದು ಎಲ್ಲಿ?

ಹೆಸರಿನಲ್ಲಿ. ಮಾಮುವಿನ ಪಾಸ್‌ಪೋರ್ಟಿನಲ್ಲಿ ‘ಮೊಹಮ್ಮದ್’ ಎಂದು ಪೂರ್ತಿಯಾಗಿ ಇದೆ. ಆಧಾರ್‌ನಲ್ಲಿ ಬರೀ ‘ಎಂ.ಡಿ.’ ಎಂದಿತ್ತು. ಅದರ ಮುಂದಿನ ಹೆಸರಿನಲ್ಲೂ ಒಂದರಲ್ಲಿ ‘ಪಾಷಾ’, ಇನ್ನೊಂದರಲ್ಲಿ ‘ಬಾಷಾ’. ನಾನು ಇದನ್ನು ಗಮನಿಸಿದ್ದೆ, ಆದರೆ “ಒಂದೇ ಅಲ್ಲವಾ” ಎಂದು ಹಾಗೇ ಹಾಕಿಬಿಟ್ಟೆ. ದಾಖಲೆಗಳು ತಾಳೆಯಾಗುತ್ತಿಲ್ಲ ಎಂದು ಅರ್ಜಿ ಅಲ್ಲಿಗೇ ನಿಂತಿತು. ಆಧಾರ್ ತಿದ್ದಿಸಲು ಓಡಾಡುವಷ್ಟರಲ್ಲಿ ಮಾಮುವಿನ ನಲವತ್ತೈದು ದಿನದ ರಜೆ ಮುಗಿದುಹೋಯಿತು. ಹೋಗುವಾಗ ಮತ್ತೆ ಅದೇ ಸಾಲು. ನನ್ನ ಅವಸರಕ್ಕೆ ಅವರು ಒಂದು ಮಾತೂ ಅನ್ನಲಿಲ್ಲ. ಅದಕ್ಕೇ ನನಗೆ ಹೆಚ್ಚು ಬೇಜಾರಾಯಿತು.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ನಮ್ಮ ಹೆಸರುಗಳನ್ನು ಇಡುವುದು ಉರ್ದುವಿನಲ್ಲಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಕೇಳಿದಂತೆ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲಿಂದ ಇನ್ನೊಬ್ಬರು ಇಂಗ್ಲಿಷಿಗೆ ತರುತ್ತಾರೆ. ಫಾತಿಮಾ ಎಂಬವಳು ಪಾತಿಮಾ ಆಗುತ್ತಾಳೆ, ಶೇಖ್ ಎಂಬುದು ಷೇಕ್ ಆಗುತ್ತದೆ, ಸೈಯದ್ ಎಂಬುದಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಸ್ಪೆಲ್ಲಿಂಗ್. ಮನುಷ್ಯರು ನೋಡಿದರೆ ಒಂದೇ ಹೆಸರು ಎಂದು ತಿಳಿಯುತ್ತದೆ. ಅಕ್ಷರ ಅಕ್ಷರ ಹೋಲಿಸುವ ಕಂಪ್ಯೂಟರಿಗೆ ಅವರು ಬೇರೆ ಬೇರೆ ಜನ.

ಸರ್‌ನೇಮ್ ಖಾಲಿ ಬಿಟ್ಟ ಪಾಸ್‌ಪೋರ್ಟಿನದು ಇನ್ನೊಂದು ತೊಂದರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಾಗ ಎಷ್ಟೋ ಮನೆಗಳಲ್ಲಿ ಗಾಬರಿಯಾಗಿತ್ತು.

ಕೊನೆಗೆ ಪಾಸ್‌ಪೋರ್ಟನ್ನೇ ಆಧಾರವಾಗಿಟ್ಟು ಆಧಾರ್ ಹೆಸರು ತಿದ್ದಿಸಿದೆವು. ನೆನಪಿಡಿ, ಆಧಾರ್‌ನಲ್ಲಿ ಹೆಸರನ್ನು ಜೀವನದಲ್ಲಿ ಎರಡೇ ಸಲ ಬದಲಿಸಬಹುದು. ಮಾಮು ದಮ್ಮಾಮ್‌ನಲ್ಲಿ ಇರುವಾಗಲೇ ಮತ್ತೆ ಅರ್ಜಿ ಹಾಕಿದೆ. ಈ ವರ್ಷ ಬೆಂಗಳೂರಿನಲ್ಲಿ ಇಳಿದಾಗ ಅವರು ಬಯೋಮೆಟ್ರಿಕ್ ಕೊಟ್ಟರು. ಇಪ್ಪತ್ತು ವರ್ಷ ವೆಲ್ಡಿಂಗ್ ಮಾಡಿದ ಕೈ, ಬೆರಳಿನ ಗೆರೆಗಳು ಸವೆದಿವೆ. ಮೊದಲ ಎರಡು ಸಲ ಯಂತ್ರ ಓದಲಿಲ್ಲ. ಕೈ ತೊಳೆದು ಒರೆಸಿಕೊಂಡು ಬಂದು ಮತ್ತೆ ಇಟ್ಟಾಗ ಓದಿತು. ಕೈಕೆಲಸ ಮಾಡುವವರು ಇದಕ್ಕೆ ಸ್ವಲ್ಪ ಹೆಚ್ಚು ಸಮಯ ಇಟ್ಟುಕೊಳ್ಳುವುದು ಒಳ್ಳೆಯದು.

ಗೇಟಿನ ಬಳಿ

ಬಳಸುವುದು ಸುಲಭ. ಹೊರಡುವಾಗ ಏರ್‌ಲೈನ್ಸ್ ಕೌಂಟರಿನಲ್ಲಿ ಲಗೇಜು ಕೊಟ್ಟು ಬೋರ್ಡಿಂಗ್ ಪಾಸ್ ಪಡೆಯಬೇಕು. ಇ-ಗೇಟಿನಲ್ಲಿ ಬೋರ್ಡಿಂಗ್ ಪಾಸ್ ಮತ್ತು ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಬೇಕು. ಆಮೇಲೆ ಕ್ಯಾಮೆರಾ ಮುಖ ನೋಡುತ್ತದೆ. ಟೋಪಿ, ಕಪ್ಪು ಕನ್ನಡಕ ತೆಗೆದು ನೇರ ನಿಂತರೆ ಸಾಕು. ಎಲ್ಲ ತಾಳೆಯಾದರೆ ಗೇಟು ತೆರೆದುಕೊಳ್ಳುತ್ತದೆ. ಗೇಟು ತೆರೆಯಿತು ಎಂದರೆ ಇಮಿಗ್ರೇಷನ್ ಮುಗಿಯಿತು ಎಂದೇ ಅರ್ಥ. ಯಂತ್ರ ಒಪ್ಪದಿದ್ದರೆ ಹೆದರಬೇಕಾಗಿಲ್ಲ, ಅಧಿಕಾರಿ ಇರುವ ಕೌಂಟರಿಗೆ ಹೋಗಬಹುದು.

ಮಾಮುವನ್ನು ಬಿಡಲು ಹೋದಾಗ ‘ಇಮಿಗ್ರೇಷನ್ ಆಯ್ತು’ ಎಂಬ ಫೋನ್ ಬರುವವರೆಗೆ ನಾನಿ ನಿಲ್ದಾಣದ ಹೊರಗೆ ಕಾಯುತ್ತಾರೆ. ಅದಕ್ಕೆ ಮೊದಲು ವಾಪಸ್ ಹೊರಡಲು ಒಪ್ಪುವುದಿಲ್ಲ. ಈ ಸಲ ನಾವು ಕೊಂಡ ಚಹಾ ಆರುವ ಮೊದಲೇ ಫೋನ್ ಬಂತು. ನಾನಿ ನಂಬದೆ, “ಏನೋ ಬಿಟ್ಟು ಬಂದಿದ್ದೀಯಾ, ವಾಪಸ್ ಬರ್ತಿದ್ದೀಯಾ?” ಎಂದು ಕೇಳಿದರು.

ಈ ಗೇಟು ಏನು ಮಾಡುವುದಿಲ್ಲ?

ಇದು ವೀಸಾ ಅಲ್ಲ. ವೀಸಾ, ಪಾಸ್‌ಪೋರ್ಟ್, ಟಿಕೆಟ್ ಎಲ್ಲವೂ ಬೇಕೇ ಬೇಕು. ಲಗೇಜು, ಸೆಕ್ಯೂರಿಟಿ ತಪಾಸಣೆ ಮತ್ತು ಕಸ್ಟಮ್ಸ್‌ಗೆ ಇದಕ್ಕೂ ಸಂಬಂಧವಿಲ್ಲ. ಆದ್ದರಿಂದ ಊರಿನಿಂದ ತಡವಾಗಿ ಹೊರಡಬಹುದು ಎಂದುಕೊಳ್ಳಬೇಡಿ. ಚೆಕ್-ಇನ್ ಕೌಂಟರ್ ತನ್ನ ಸಮಯಕ್ಕೇ ಮುಚ್ಚುತ್ತದೆ. ಆ ಕಡೆಯ ದೇಶದ ಇಮಿಗ್ರೇಷನ್‌ಗೂ ಇದು ನಡೆಯುವುದಿಲ್ಲ. ದಮ್ಮಾಮ್‌ನಲ್ಲಿ ಮಾಮು ಅಲ್ಲಿಯ ನಿಯಮದಂತೆಯೇ ಹೋಗಬೇಕು.

ಡಿಜಿಯಾತ್ರಾ ಕೂಡ ಬೇರೆಯೇ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರು, ದೆಹಲಿ, ವಾರಾಣಸಿಯಲ್ಲಿ ಶುರುವಾದ ಅದು ದೇಶದೊಳಗಿನ ಪ್ರಯಾಣದಲ್ಲಿ ಟರ್ಮಿನಲ್ ಒಳಗೆ ಹೋಗುವುದಕ್ಕೆ. ಅದರ ಆ್ಯಪ್ ಇದ್ದ ಮಾತ್ರಕ್ಕೆ ಈ ಗೇಟು ತೆರೆಯದು.

ಬೇರೆ ದೇಶಗಳಲ್ಲಿ

ಈ ಯೋಚನೆ ನಮ್ಮಲ್ಲೇ ಹುಟ್ಟಿದ್ದಲ್ಲ. ಅಮೆರಿಕದ ‘ಗ್ಲೋಬಲ್ ಎಂಟ್ರಿ’ 2008ರಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. 2017ರಿಂದ ಭಾರತೀಯ ನಾಗರಿಕರೂ ಅದಕ್ಕೆ ಅರ್ಜಿ ಹಾಕಬಹುದು. ಕೆಲಸಕ್ಕಾಗಿ ಅಲ್ಲಿಗೆ ಓಡಾಡುವ ಕನ್ನಡಿಗರಿಗೆ ಇದು ಪರಿಚಿತ. ಅದಕ್ಕೆ ಸಂದರ್ಶನವಿದೆ, ಭಾರತೀಯರಿಗೆ ಇಲ್ಲಿ ಪೊಲೀಸ್ ಪರಿಶೀಲನೆಯೂ ಇದೆ. 2024ರ ಅಕ್ಟೋಬರ್‌ನಿಂದ ಶುಲ್ಕ 120 ಡಾಲರ್, ಅವಧಿ ಐದು ವರ್ಷ.

ನಾವು ಈಗಲೇ ಮಾಡಬೇಕಾದ್ದು

ನಮ್ಮಲ್ಲಿ ಬಹಳ ಜನರ ಹತ್ತಿರ ಇನ್ನೂ ಪಾಸ್‌ಪೋರ್ಟೇ ಇಲ್ಲ, ನನ್ನ ಹತ್ತಿರವೂ ಇಲ್ಲ. ಹಾಗಾದರೆ ನಮಗೇಕೆ ಇದೆಲ್ಲ? ಮಾಮುವಿನ ಹೆಸರು ತಪ್ಪಿದ್ದು ವಿಮಾನ ನಿಲ್ದಾಣದಲ್ಲಿ ಅಲ್ಲ. ಮೂವತ್ತು ನಲವತ್ತು ವರ್ಷಗಳ ಹಿಂದೆ ಯಾವುದೋ ರಿಜಿಸ್ಟರಿನಲ್ಲಿ ಶುರುವಾದ ತಪ್ಪು ಅದು. ಅವರು ಒಳ್ಳೆಯವರೋ ಅಲ್ಲವೋ ಎಂದು ಯಾರೂ ಅನುಮಾನ ಪಡಲಿಲ್ಲ. ಅವರ ಕಾಗದಗಳು ಒಂದನ್ನೊಂದು ನಂಬಲಿಲ್ಲ, ಅಷ್ಟೇ.

ಇವತ್ತು ಮನೆಗೆ ಹೋಗಿ ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಚಾಪೆಯ ಮೇಲೆ ಒಟ್ಟಿಗೆ ಹರಡಿ ನೋಡಿ. ನಿಮ್ಮ ಹೆಸರು, ಅಬ್ಬಾ ಅಮ್ಮಿಯ ಹೆಸರು, ಹುಟ್ಟಿದ ದಿನಾಂಕ ಒಂದೊಂದು ಅಕ್ಷರವೂ ಸೇರುತ್ತದೆಯೇ? ಸೇರದಿದ್ದರೆ ಓದಿದ ಶಾಲೆಯವರು ಇನ್ನೂ ನಮ್ಮನ್ನು ಗುರುತು ಹಿಡಿಯುವಾಗಲೇ ಹೋಗಿ ತಿದ್ದಿಸಲು ಕೇಳಿ.

ನಾನು ಹರಡಿ ನೋಡಿದೆ. ನನ್ನ ಅಂಕಪಟ್ಟಿಯಲ್ಲಿ ಅಮ್ಮಿಯ ಹೆಸರಿನ ಒಂದು ಅಕ್ಷರ ಬೇರೆ ಇದೆ. ಸೋಮವಾರ ಹಳೆಯ ಶಾಲೆಗೆ ಹೋಗುತ್ತಿದ್ದೇನೆ.