ಸಂಕಟದ ಭಾಷೆ ಮತ್ತು ಸಮುದಾಯ ಮಾನಸಿಕ ಆರೋಗ್ಯ ಸೇವೆ

ಭಾರತದಲ್ಲಿ ಮಾನಸಿಕ ಆರೋಗ್ಯ ಸೇವೆಯನ್ನು ಆಸ್ಪತ್ರೆಯ ಆವರಣದಿಂದ ಹೊರತಂದ ಪ್ರಯೋಗಗಳಲ್ಲಿ ಮುಖ್ಯವಾದುದೊಂದು ಕನ್ನಡ ನೆಲದಲ್ಲಿಯೇ ನಡೆಯಿತು. 1970ರ ದಶಕದ ಮಧ್ಯಭಾಗದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಸಮೀಪದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆಯಿತು. ಅಲ್ಲಿಯ ಅನುಭವವನ್ನು 1985ರಿಂದ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಲಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ, ಕೆಲವೇ ಅಗತ್ಯ ಔಷಧಿಗಳು, ಸರಳ ದಾಖಲೆ, ಜಿಲ್ಲಾ ಮಟ್ಟದಲ್ಲಿ ಒಂದು ತಜ್ಞ ತಂಡ: ಇಷ್ಟೇ ಅದರ ರಚನೆ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ‘ಬಳ್ಳಾರಿ ಮಾದರಿ’ಯೇ ಆಧಾರವಾಯಿತು.

ದೇಶದಾದ್ಯಂತ ಹರಡಿದುದು ಈ ರಚನೆ. ಅದರ ಬೆನ್ನೆಲುಬಾಗಿದ್ದ ಇನ್ನೊಂದು ಸಂಗತಿ, ಎಂದರೆ ಕಾರ್ಯಕರ್ತೆಯೂ ರೋಗಿಯೂ ಒಂದೇ ಮಾತನ್ನಾಡುವವರಾಗಿರುವುದು, ಆದೇಶಪತ್ರದ ಮೂಲಕ ಸಾಗಿಸಬಹುದಾದುದಲ್ಲ. ಊರು ಬಿಟ್ಟು ದುಡಿಯಹೋದವರಿಗೆ ಮೊದಲು ತಪ್ಪಿಹೋಗುವುದೇ ಇದು.

ಉದಾಹರಣೆಗೆ ‘ಸಂಕಟ’ ಎಂಬ ಪದವನ್ನು ಗಮನಿಸಬಹುದು. ಹಿಂದಿ ಮತ್ತು ಮರಾಠಿಗಳಲ್ಲಿ ಅದು ಹೊರಗಿನಿಂದ ಬಂದೊದಗುವ ವಿಪತ್ತು. ಕನ್ನಡದಲ್ಲಿಯಾದರೋ ಅದು ಒಳಗಿನ ಬೇನೆ. ‘ಹೊಟ್ಟೆಯಲ್ಲಿ ಸಂಕಟ’ ಎಂಬ ಮಾತು ವಾಕರಿಕೆಯಿಂದ ಹಿಡಿದು ಮಗುವನ್ನು ಕಳೆದುಕೊಂಡ ತಾಯಿಯ ದುಃಖದವರೆಗೆ ಎಲ್ಲವನ್ನೂ ಹೇಳಬಲ್ಲದು. ಪುಣೆಯ ವೈದ್ಯರಿಗೆ ಇದು ಉದರಬೇನೆಯಾಗಿ ಕೇಳಿಸಿದರೆ ಆಶ್ಚರ್ಯವೇನಿಲ್ಲ. ‘ಬೇಜಾರು’ ಎಂಬುದರ ಪಾಡೂ ಇಂಥದೇ. ಹಿಂದಿಯಲ್ಲಿ ರೋಸಿಹೋಗುವುದನ್ನು ಸೂಚಿಸುವ ಈ ಪದ ನಮ್ಮಲ್ಲಿ ಹೊತ್ತು ಹೋಗದ ಸ್ಥಿತಿಗೂ ಆಳವಾದ ವಿಷಾದಕ್ಕೂ ಸಲ್ಲುತ್ತದೆ. ಕಲಬುರಗಿ, ಯಾದಗಿರಿಗಳ ಕಡೆಯಿಂದ ಮುಂಬಯಿ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೋದವರು ‘ಜೀವಕ್ಕ ಬ್ಯಾಸರ ಆಗ್ಯಾದ’ ಎಂದಾಗ ಅದು ದಣಿವಿನ ಮಾತೋ, ಬದುಕೇ ಬೇಡವೆಂಬ ಮಾತೋ ಎಂಬುದನ್ನು ದನಿಯಿಂದಲೇ ತಿಳಿಯಬೇಕು. ಮೈಸೂರು ಸೀಮೆಯ ಕನ್ನಡಿಗನಿಗೂ ಅದು ಒಮ್ಮೆಗೇ ತಿಳಿಯಲಾರದು.

ಇಂಥಲ್ಲಿ ದುಭಾಷಿಗಳಾಗಿ ನಿಲ್ಲುವವರು ಸಾಮಾನ್ಯವಾಗಿ ಗಂಡ, ಮೇಸ್ತ್ರಿ ಅಥವಾ ಅಲ್ಲಿಯ ಶಾಲೆಗೆ ಹೋಗುವ ಮಗು. ಗಂಡನ ಕುಡಿತದಿಂದ ನಿದ್ದೆಗೆಟ್ಟ ಹೆಂಗಸು ಆ ಗಂಡನ ಬಾಯಿಂದಲೇ ತನ್ನ ಕಷ್ಟವನ್ನು ಹೇಳಿಸುವುದೆಂತು?

ಈ ಕೊರತೆಯನ್ನು ಅಂಕಿಅಂಶಗಳಲ್ಲಿ ಹುಡುಕಹೊರಟವರಿಗೆ ಹೆಚ್ಚೇನೂ ದೊರೆಯದು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಮಾನಸಿಕ ತೊಂದರೆಗಳಿರುವುದನ್ನೂ, ಬಹುತೇಕ ಕಾಯಿಲೆಗಳಲ್ಲಿ ಶೇ. 70ಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯಿಂದ ಹೊರಗುಳಿದಿರುವುದನ್ನೂ ತೋರಿಸಿತು. ಆದರೆ ಅದು ನಡೆದ 12 ರಾಜ್ಯಗಳಲ್ಲಿ ಕರ್ನಾಟಕವಿರಲಿಲ್ಲ. ಮಹಾರಾಷ್ಟ್ರ, ತೆಲಂಗಾಣ, ದೆಹಲಿಗಳೂ ಇರಲಿಲ್ಲ. ಸಮೀಕ್ಷೆಯನ್ನು ನಿರ್ವಹಿಸಿದ್ದು ನಿಮ್ಹಾನ್ಸ್ ಎಂಬುದನ್ನು ನೆನೆದರೆ ಇದು ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ 18ನೆಯ ಕಲಮು ಧರ್ಮ, ಸಂಸ್ಕೃತಿ, ಜಾತಿ, ವರ್ಗ ಮೊದಲಾದವುಗಳ ಆಧಾರದ ಮೇಲೆ ಸೇವೆಯಲ್ಲಿ ತಾರತಮ್ಯ ಮಾಡಕೂಡದೆನ್ನುತ್ತದೆ. ಆ ಪಟ್ಟಿಯಲ್ಲಿ ಭಾಷೆಯ ಹೆಸರಿಲ್ಲ. ಆದರೆ ಅದೇ ಕಾಯಿದೆ ರೋಗಿಯ ಸಮ್ಮತಿಯನ್ನು ವ್ಯಾಖ್ಯಾನಿಸುವಾಗ ಅವನಿಗೆ ತಿಳಿಯುವ ಭಾಷೆಯಲ್ಲಿ ವಿಷಯವನ್ನು ವಿವರಿಸಿರಬೇಕೆಂದು ವಿಧಿಸುತ್ತದೆ. ತಿಳಿಯದ ಭಾಷೆಯಲ್ಲಿ ಪಡೆದ ಸಹಿಯನ್ನು ಸಮ್ಮತಿಯೆಂದು ಪರಿಗಣಿಸಲಾಗದು ಎಂಬುದು ಇದರಿಂದ ಸಿದ್ಧಿಸುವ ಅರ್ಥ.

2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿ ಸೇವೆ (14416) ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ದೊರೆಯುತ್ತಿರುವುದು ಸಮಾಧಾನದ ಸಂಗತಿ. ಆದರೆ ಅಲ್ಲಿ ಕನ್ನಡವೆಂದರೆ ಒಂದೇ ಆಯ್ಕೆ. ಆ ಬದಿಯಲ್ಲಿ ದೂರವಾಣಿಯನ್ನು ಎತ್ತಿಕೊಂಡವರಿಗೆ ‘ಬ್ಯಾಸರ’ದ ಅರ್ಥ ಗೊತ್ತಿರಬೇಕಷ್ಟೆ.